ಮನೆ ಮುಂದಿನ ಹುಲ್ಲಿನಲ್ಲಿ ಸ್ಮಾಲ್ ಸೆಲ್ ಕಂಬ: ನಗರ ಯಾವುದಕ್ಕೆ ಕಿವಿಗೊಡಬಹುದು?

ಪ್ರಶ್ನೆ: ನಾವು ಟೆಕ್ಸಾಸ್‌ನ ಡಲ್ಲಾಸ್ ಹತ್ತಿರದ ಒಂದು ಉಪನಗರದಲ್ಲಿ ಸ್ವಂತ ಮನೆಯಲ್ಲಿದ್ದೇವೆ. ಕಳೆದ ವಾರ ಸೈಡ್‌ವಾಕ್ ಮತ್ತು ಕರ್ಬ್ (ರಸ್ತೆಯ ಅಂಚುಗಲ್ಲು) ನಡುವಿನ ಹುಲ್ಲಿನ ಮೇಲೆ ಯಾರೋ ಬಿಳಿ ಬಣ್ಣದಲ್ಲಿ ಒಂದು ವೃತ್ತ ಬರೆದು, ಸುತ್ತಲೂ ಕಿತ್ತಳೆ ಮತ್ತು ಕೆಂಪು ಗೆರೆಗಳನ್ನು ಎಳೆದು, ಪುಟ್ಟ ಬಾವುಟಗಳನ್ನು ಚುಚ್ಚಿ ಹೋಗಿದ್ದಾರೆ. ನಗರದ ಕಚೇರಿಗೆ ಫೋನ್ ಮಾಡಿದಾಗ, ಅಲ್ಲಿ 5ಜಿ ಸ್ಮಾಲ್ ಸೆಲ್‌ಗಾಗಿ, ಅಂದರೆ ಮೊಬೈಲ್ ಸೇವೆಯ ಸಣ್ಣ ಆಂಟೆನಾ ಮತ್ತು ಅದರ ಉಪಕರಣಕ್ಕಾಗಿ, ಹೊಸ ಕಂಬ ಬರುತ್ತದೆ ಎಂದರು. ಆ ವೃತ್ತ ನನ್ನ ನಾಲ್ಕು ವರ್ಷದ ಮಗಳ ಮಲಗುವ ಕೋಣೆಯ ಕಿಟಕಿಗೆ ನೇರ ಎದುರು, ಸುಮಾರು ನಲವತ್ತು ಅಡಿ ದೂರದಲ್ಲಿದೆ. ಕೋಣೆ ಮೇಲಿನ ಮಹಡಿಯಲ್ಲಿದೆ. ಆ ಜಾಗದ ಹುಲ್ಲು ಕತ್ತರಿಸುವವರು ನಾವು, ನೀರು ಹಾಯಿಸುವವರು ನಾವು. ನಮ್ಮನ್ನು ಒಂದು ಮಾತೂ ಕೇಳದೆ ಕಂಬ ನೆಡಬಹುದೇ? ಬೀದಿಯ ಅರ್ಧದಷ್ಟು ಮನೆಯವರು ಸಹಿ ಹಾಕಿದರೆ ನಿಲ್ಲಿಸಬಹುದು ಎಂದು ನೆರೆಯವರು ಹೇಳುತ್ತಾರೆ. ಇನ್ನು ಕೆಲವರು ನಗರ ಹಣಕ್ಕಾಗಿ ನಮ್ಮನ್ನು ಮಾರಿಕೊಂಡಿದೆ ಎನ್ನುತ್ತಾರೆ. ನಮ್ಮ ಫೋನಿನಲ್ಲಿ ಸಿಗ್ನಲ್ ಈಗಲೇ ಪೂರ್ತಿ ಇದೆ. ಮಗುವಿನ ಆರೋಗ್ಯ, ಮನೆಯ ಬೆಲೆ, ಮುಂದೆ ಇದನ್ನೇ ದೊಡ್ಡದು ಮಾಡುವ ಸಾಧ್ಯತೆ — ಈ ಮೂರೂ ನನ್ನ ನಿದ್ದೆ ಕೆಡಿಸಿವೆ. ನಾನು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಕಂಬ ಮಗುವಿಗೆ ಅಪಾಯವೇ ಎಂಬುದು ಒಂದು. ಅದನ್ನು ತಡೆಯುವ ಅಥವಾ ಸರಿಸುವ ಅಧಿಕಾರ ಯಾರಿಗಿದೆ ಎಂಬುದು ಇನ್ನೊಂದು. ಇವೆರಡನ್ನು ಬೇರೆ ಮಾಡಿ ನೋಡದಿದ್ದರೆ ನಿಮ್ಮ ಶ್ರಮವೆಲ್ಲ ವ್ಯರ್ಥವಾಗುವ ಸಂಭವ ಹೆಚ್ಚು, ಏಕೆಂದರೆ ಅಮೆರಿಕದ ಕಾನೂನಿನಲ್ಲಿ ಮೊದಲನೆಯ ಪ್ರಶ್ನೆಯ ಆಧಾರದ ಮೇಲೆ ಎರಡನೆಯದನ್ನು ತೀರ್ಮಾನಿಸಲು ನಗರಕ್ಕೆ ಅವಕಾಶವೇ ಇಲ್ಲ. ನಾನು ಮೊದಲ ಹಲವು ವರ್ಷ ಮೊಬೈಲ್ ಸೇವೆಯ ಕಂಪನಿಗಳ ಪರವಾಗಿ ಇಂಥ ಅರ್ಜಿಗಳನ್ನು ಸಿದ್ಧಪಡಿಸಿದವನು, ಆಮೇಲೆ ನಗರಗಳ ಪರವಾಗಿ ಅವುಗಳನ್ನು ಪರಿಶೀಲಿಸಿದವನು. ಎರಡೂ ಕಡೆ ಕುಳಿತ ಅನುಭವದಿಂದ ಹೇಳುತ್ತಿದ್ದೇನೆ.

ಮೊದಲು ಹುಲ್ಲಿನ ಮೇಲಿನ ಬಣ್ಣಗಳು ಏನು ಹೇಳುತ್ತವೆ ನೋಡೋಣ. ನೆಲ ಅಗೆಯುವ ಮೊದಲು 811 ಎಂಬ ಫೋನ್ ಸಂಖ್ಯೆಗೆ ತಿಳಿಸಿ, ಕೆಳಗಿರುವ ಪೈಪು, ಕೇಬಲ್‌ಗಳನ್ನು ಗುರುತಿಸಬೇಕೆಂಬ ನಿಯಮವಿದೆ. ಕೆಂಪು ಎಂದರೆ ವಿದ್ಯುತ್, ಕಿತ್ತಳೆ ಎಂದರೆ ದೂರಸಂಪರ್ಕದ ಕೇಬಲ್, ಹಳದಿ ಎಂದರೆ ಅನಿಲ, ನೀಲಿ ಎಂದರೆ ಕುಡಿಯುವ ನೀರು, ಹಸಿರು ಎಂದರೆ ಒಳಚರಂಡಿ, ಗುಲಾಬಿ ಎಂದರೆ ಸರ್ವೆಯವರ ತಾತ್ಕಾಲಿಕ ಗುರುತು. ಬಿಳಿ ಮಾತ್ರ ಬೇರೆ: ಇಲ್ಲಿ ಅಗೆಯಬೇಕೆಂದಿದ್ದೇವೆ ಎಂದು ಹೇಳುವ ಬಣ್ಣ ಅದು. ಬಿಳಿ ವೃತ್ತಕ್ಕೆ ಕಿತ್ತಳೆ ಮತ್ತು ಕೆಂಪು ಗೆರೆಗಳು ಬಂದು ಸೇರಿದ್ದರೆ, ಫೈಬರ್ ಎಲ್ಲಿದೆ, ವಿದ್ಯುತ್ ಎಲ್ಲಿದೆ ಎಂದು ಗುರುತಿಸಿಕೊಂಡಾಗಿದೆ ಎಂದರ್ಥ. ಕೆಲವೊಮ್ಮೆ ವಿನ್ಯಾಸದ ಹಂತದಲ್ಲೇ ಹೀಗೆ ಗುರುತು ಹಾಕಿಸುವುದುಂಟು, ಆದ್ದರಿಂದ ನಾಳೆಯೇ ಕಾಂಕ್ರೀಟ್ ಬೀಳುತ್ತದೆ ಎಂದು ಗಾಬರಿಯಾಗಬೇಡಿ; ಆದರೆ ನಿಮ್ಮ ಕೈಯಲ್ಲಿರುವುದು ತಿಂಗಳುಗಳಲ್ಲ, ದಿನಗಳು ಎಂದುಕೊಂಡೇ ಮುಂದುವರಿಯಿರಿ. ಪರ್ಮಿಟ್ ಕೊಡಲಾಗಿದೆಯೇ, ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆಯೇ ಎಂಬುದನ್ನು ಇವತ್ತೇ ಲಿಖಿತವಾಗಿ ಕೇಳಿ.

ಆ ಹುಲ್ಲಿನ ಪಟ್ಟಿ ಯಾರದು? ನಿಮ್ಮ ಬಡಾವಣೆ ಆಗುವಾಗ ಕೌಂಟಿಯಲ್ಲಿ ನೋಂದಾಯಿಸಿದ ಪ್ಲ್ಯಾಟ್ ನಕ್ಷೆಯಲ್ಲಿ ರಸ್ತೆಗೆಂದು ಬಿಟ್ಟುಕೊಟ್ಟ ಅಗಲವನ್ನು ನಮೂದಿಸಿರುತ್ತಾರೆ. ಅದಕ್ಕೆ ರೈಟ್ ಆಫ್ ವೇ ಎನ್ನುತ್ತಾರೆ. ಅದು ಡಾಂಬರು ಅಥವಾ ಕಾಂಕ್ರೀಟಿನ ಅಂಚಿಗೆ ಮುಗಿಯುವುದಿಲ್ಲ. ಬಹುತೇಕ ಕಡೆ ಸೈಡ್‌ವಾಕ್ ದಾಟಿ ನಿಮ್ಮ ಅಂಗಳದೊಳಕ್ಕೆ ಒಂದೆರಡು ಅಡಿ ಬಂದಿರುತ್ತದೆ. ಅಲ್ಲಿಯ ಹುಲ್ಲು ನೋಡಿಕೊಳ್ಳುವ ಹೊಣೆಯನ್ನು ನಗರ ನಿಮ್ಮ ಮೇಲೆ ಹಾಕಿರಬಹುದು, ಆದರೆ ಅದರಿಂದ ನಿಮ್ಮ ಒಪ್ಪಿಗೆ ಬೇಕೆಂದಾಗುವುದಿಲ್ಲ. ಇಷ್ಟನ್ನು ಮಾತ್ರ ಖಚಿತಪಡಿಸಿಕೊಳ್ಳಿ: ಕಂಬವಾಗಲಿ, ಮೀಟರಿನ ಪೆಟ್ಟಿಗೆಯಾಗಲಿ ರೈಟ್ ಆಫ್ ವೇ ದಾಟಿ ನಿಮ್ಮ ನಿವೇಶನದಲ್ಲಿರುವ ಯುಟಿಲಿಟಿ ಈಸ್‌ಮೆಂಟಿನೊಳಗೆ (ವಿದ್ಯುತ್, ಕೇಬಲ್‌ನಂಥ ಸೇವೆಗಳಿಗೆ ಬಳಸಲು ಹಕ್ಕು ಕೊಟ್ಟ ನಿಮ್ಮದೇ ಜಾಗದೊಳಗೆ) ಬಂದರೆ ಪ್ರಶ್ನೆಯೇ ಬೇರೆಯಾಗುತ್ತದೆ, ಆಗ ಆ ಈಸ್‌ಮೆಂಟ್ ಪತ್ರದ ಒಕ್ಕಣೆಯನ್ನು ಅಕ್ಷರಶಃ ಓದಬೇಕಾಗುತ್ತದೆ. ಆ ಒಂದೆರಡು ಅಡಿಯ ತಪ್ಪು ನಕ್ಷೆಗಳಲ್ಲಿ ಅಪರೂಪವೇನಲ್ಲ.

ಈಗ ಆರೋಗ್ಯದ ಮಾತು. ನಿಮ್ಮ ಭಯವನ್ನು ನಗೆಯಾಡುವವನು ನಾನಲ್ಲ, ಆದರೆ ಅಳತೆ ಇಲ್ಲದ ಭಯಕ್ಕೆ ಅಳತೆ ಕೊಡುವುದು ನನ್ನ ಕೆಲಸ. ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಅಂದರೆ ಎಫ್‌ಸಿಸಿ, ಸಾರ್ವಜನಿಕರಿಗೆ ನಿಗದಿ ಮಾಡಿರುವ ಮಿತಿ 1,500 ಮೆಗಾಹರ್ಟ್ಸ್‌ಗಿಂತ ಮೇಲಿನ ತರಂಗಗಳಿಗೆ ಪ್ರತಿ ಚದರ ಮೀಟರಿಗೆ 10 ವ್ಯಾಟ್. ಅದಕ್ಕಿಂತ ಕೆಳಗಿನ ಮೊಬೈಲ್ ತರಂಗಗಳಿಗೆ ಮಿತಿ ಇನ್ನೂ ಬಿಗಿಯಾಗಿದೆ. ಆಂಟೆನಾ ಒಂದು ದಿಕ್ಕಿಗೆ ಒಟ್ಟುಗೂಡಿಸಿ ಎಸೆಯುವ ಪರಿಣಾಮಕಾರಿ ಶಕ್ತಿ 500 ವ್ಯಾಟ್ ಎಂದು ಇಟ್ಟುಕೊಳ್ಳಿ. ಕಿಟಕಿ ನಲವತ್ತು ಅಡಿ, ಅಂದರೆ ಸುಮಾರು 12 ಮೀಟರ್ ದೂರದಲ್ಲಿ, ಕಿರಣದ ನೇರಕ್ಕೇ ಇದೆ ಎಂದೂ, ನಡುವೆ ಗೋಡೆಯಾಗಲಿ ಎಲೆಯಾಗಲಿ ಇಲ್ಲವೆಂದೂ ಭಾವಿಸಿದರೆ, ಅಲ್ಲಿ ಸಿಗುವುದು ಚದರ ಮೀಟರಿಗೆ ಸುಮಾರು 0.28 ವ್ಯಾಟ್. ಮಿತಿಯ ಶೇಕಡಾ ಮೂರಕ್ಕಿಂತ ಕಡಿಮೆ. ದೂರ ಎರಡು ಪಟ್ಟಾದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಇದು ನನ್ನ ಲೆಕ್ಕ. ನಿಮ್ಮ ಕಂಬದ ನಿಜವಾದ ಲೆಕ್ಕ ಅರ್ಜಿಯ ಜೊತೆಗಿನ ವಿಕಿರಣ ಅನುಸರಣೆ ವರದಿಯಲ್ಲಿ ಇರಬೇಕು. ಅದನ್ನು ಕೇಳಿ ಪಡೆಯಿರಿ, ಮತ್ತು ನೆಲಮಟ್ಟದ ಅಂಕಿಯಲ್ಲಿ ತೃಪ್ತರಾಗಬೇಡಿ. ಇಂಥ ಆಂಟೆನಾಗಳು ಹೆಚ್ಚಾಗಿ ಅಡ್ಡಕ್ಕೆ ಎಸೆಯುತ್ತವೆ, ಆದ್ದರಿಂದ ಕಂಬದ ಬುಡದಲ್ಲಿ ನಿಂತವನಿಗಿಂತ ಮೇಲಿನ ಮಹಡಿಯ ಕಿಟಕಿಗೆ ಹೆಚ್ಚು ಬೀಳುತ್ತದೆ. ವರದಿಯಲ್ಲಿ ಎರಡನೇ ಮಹಡಿಯ ಎತ್ತರದ ಅಂಕಿ ಇಲ್ಲದಿದ್ದರೆ ಅದನ್ನು ಸೇರಿಸಿ ಎಂದು ಕೇಳುವುದು ನ್ಯಾಯವಾದ ಬೇಡಿಕೆ.

ಕಂಬದ ಮೇಲೆ ಎಚ್ಚರಿಕೆಯ ಫಲಕ ಕಂಡರೆ ಹೆದರಬೇಡಿ. ಆಂಟೆನಾದ ಮುಂದೆ ಕೆಲವೇ ಅಡಿಗಳ ಒಳಗೆ ಮಿತಿ ಮೀರುವ ಜಾಗ ಇರುತ್ತದೆ. ಆ ಫಲಕ ಮೇಲೆ ಹತ್ತಿ ಕೆಲಸ ಮಾಡುವ ಲೈನ್‌ಮನ್‌ಗಾಗಿ, ಕೆಳಗೆ ನಡೆಯುವವರಿಗಾಗಿ ಅಲ್ಲ. 5ಜಿ ಎಂದಾಕ್ಷಣ ಹಿಂದೆಂದೂ ಇಲ್ಲದ ತರಂಗ ಎಂಬುದೂ ಅರ್ಧಸತ್ಯ. ಬಹಳಷ್ಟು ಸ್ಮಾಲ್ ಸೆಲ್‌ಗಳು 4ಜಿಯ ಹಳೆಯ ಬ್ಯಾಂಡುಗಳನ್ನೂ ಮಧ್ಯಮ ಬ್ಯಾಂಡುಗಳನ್ನೂ ಬಳಸುತ್ತವೆ. 28 ಅಥವಾ 39 ಗಿಗಾಹರ್ಟ್ಸ್‌ನ ಮಿಲಿಮೀಟರ್ ತರಂಗಗಳು ಇದ್ದರೂ ಅವು ಇಟ್ಟಿಗೆ ಗೋಡೆಯನ್ನೇ ದಾಟಲು ತಿಣುಕುತ್ತವೆ. ಸೆಲ್‌ಗಳನ್ನು ಇಷ್ಟು ಹತ್ತಿರ ಹತ್ತಿರ ಹಾಕುವುದಕ್ಕೆ ಅದೂ ಒಂದು ಕಾರಣ.

ಹಾಗೆಂದು ವಿಜ್ಞಾನದ ಪುಸ್ತಕ ಮುಚ್ಚಿ ಮುದ್ರೆ ಒತ್ತಿಯಾಗಿದೆ ಎಂದು ಹೇಳಿದರೆ ನಾನು ನಿಮಗೆ ಅನ್ಯಾಯ ಮಾಡಿದಂತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2011ರಲ್ಲಿ ರೇಡಿಯೋ ತರಂಗಗಳನ್ನು ‘ಬಹುಶಃ ಕ್ಯಾನ್ಸರ್‌ಕಾರಕ ಇರಬಹುದು’ ಎಂಬ 2ಬಿ ಗುಂಪಿಗೆ ಸೇರಿಸಿತು. ಪುರಾವೆ ಸೀಮಿತವಾಗಿದ್ದು, ಸಾಬೀತಾಗದಿದ್ದಾಗ ಬಳಸುವ ವರ್ಗ ಅದು. ಎಫ್‌ಸಿಸಿಯ ಮಿತಿಗಳು ಮೂಲತಃ 1996ರವು. ಅವುಗಳನ್ನು ಬದಲಿಸುವುದಿಲ್ಲವೆಂದು 2019ರಲ್ಲಿ ಅದು ಹೇಳಿದಾಗ, ಕಾರಣಗಳನ್ನು ಸರಿಯಾಗಿ ವಿವರಿಸಿಲ್ಲವೆಂದು ವಾಷಿಂಗ್ಟನ್‌ನ ಫೆಡರಲ್ ಮೇಲ್ಮನವಿ ನ್ಯಾಯಾಲಯ 2021ರ ಆಗಸ್ಟ್‌ನಲ್ಲಿ ವಿಷಯವನ್ನು ಹಿಂದಕ್ಕೆ ಕಳಿಸಿತು. ಆದರೆ ಮಿತಿಗಳು ತಪ್ಪು ಎಂದು ಆ ನ್ಯಾಯಾಲಯ ಹೇಳಲಿಲ್ಲ, ಅವುಗಳನ್ನು ರದ್ದೂ ಮಾಡಲಿಲ್ಲ. ನನ್ನ ಮನೆ ಮುಂದೆ ಈ ಕಂಬ ಬಂದರೆ ನಾನು ಮಗುವಿನ ಕೋಣೆ ಬದಲಿಸುವುದಿಲ್ಲ. ಬದಲಿಗೆ ಮಕ್ಕಳು ಗಂಟೆಗಟ್ಟಲೆ ಕಿವಿಗೊತ್ತಿಕೊಳ್ಳುವ ಫೋನಿನ ಕಡೆ ನೋಡುತ್ತೇನೆ, ಏಕೆಂದರೆ ಮೈಗೆ ಅಂಟಿಕೊಂಡ ಸಣ್ಣ ಮೂಲದಿಂದ ಬರುವುದು ದೂರದ ದೊಡ್ಡ ಮೂಲಕ್ಕಿಂತ ಸಾಮಾನ್ಯವಾಗಿ ಹೆಚ್ಚು.

ಇನ್ನು ನಗರದ ಅಧಿಕಾರ. 1996ರ ದೂರಸಂಪರ್ಕ ಕಾಯ್ದೆಯ ಒಂದು ಸಾಲು ಇಲ್ಲಿ ಎಲ್ಲವನ್ನೂ ಕಟ್ಟಿಹಾಕುತ್ತದೆ: ಉಪಕರಣ ಎಫ್‌ಸಿಸಿಯ ಮಿತಿಯೊಳಗೆ ಇರುವವರೆಗೆ, ರೇಡಿಯೋ ವಿಕಿರಣದ ಪರಿಣಾಮಗಳ ಆಧಾರದ ಮೇಲೆ ಯಾವ ರಾಜ್ಯವೂ, ಯಾವ ನಗರವೂ ಅದರ ಸ್ಥಾಪನೆಯನ್ನು ನಿಯಂತ್ರಿಸುವಂತಿಲ್ಲ. ನಿರಾಕರಿಸಿದರೆ ಲಿಖಿತವಾಗಿ, ದಾಖಲೆಯಲ್ಲಿ ಗಟ್ಟಿ ಪುರಾವೆಯೊಂದಿಗೆ ನಿರಾಕರಿಸಬೇಕು. ಒಂದು ನಗರದ ವಿಚಾರಣೆಯಲ್ಲಿ ನಾನು ಪರಿಶೀಲಕನಾಗಿ ಕುಳಿತಿದ್ದೆ. ಇಪ್ಪತ್ತಕ್ಕೂ ಹೆಚ್ಚು ನಿವಾಸಿಗಳು ಒಬ್ಬರಾದ ಮೇಲೊಬ್ಬರು ಮೈಕಿನ ಮುಂದೆ ಬಂದು ವಿಕಿರಣದ ಬಗ್ಗೆಯೇ ಮಾತಾಡಿದರು. ಆ ಕಂಬದ ನಕ್ಷೆಯಲ್ಲಿ ಒಂದು ನಿಜವಾದ ದೋಷವಿತ್ತು. ಅದು ಬೀದಿಯ ತಿರುವಿನಲ್ಲಿ, ಬರುವ ವಾಹನವನ್ನು ಚಾಲಕ ನೋಡಲು ತೆರವಾಗಿರಬೇಕಾದ ತ್ರಿಕೋನದೊಳಗೇ ಇತ್ತು. ಅದನ್ನು ಒಬ್ಬರೂ ಎತ್ತಲಿಲ್ಲ. ನಾನು ಟಿಪ್ಪಣಿಯಲ್ಲಿ ಬರೆದಿದ್ದೆ, ಆದರೆ ವಿಕಿರಣದ ಮಾತುಗಳಿಂದಲೇ ತುಂಬಿದ ದಾಖಲೆಯ ಮೇಲೆ ನಿರಾಕರಿಸಿದರೆ, ನಿರಾಕರಣೆಯ ನಿಜವಾದ ಕಾರಣ ವಿಕಿರಣವೇ ಎಂದು ಕಂಪನಿ ನ್ಯಾಯಾಲಯದಲ್ಲಿ ವಾದಿಸುತ್ತದೆ ಎಂದು ನಗರದ ವಕೀಲರು ಹಿಂಜರಿದರು. ಕಂಬ ಅಲ್ಲೇ ಎದ್ದಿತು. ಆ ದಿನದಿಂದ ನಾನು ಕೇಳಿದವರಿಗೆಲ್ಲ ಹೇಳುವುದು ಇಷ್ಟೇ: ಕಂಬ ಬೇಕೋ ಬೇಡವೋ ಎಂದು ನಗರವನ್ನು ಕೇಳಬೇಡಿ, ಎಲ್ಲಿ, ಯಾವ ರೂಪದಲ್ಲಿ ಎಂದು ಕೇಳಿ.

ಸಹಿ ಸಂಗ್ರಹದ ಮಾತು ದಂತಕಥೆ. ಅರ್ಧ ಬೀದಿ ಸಹಿ ಹಾಕಿದರೆ ನಿಲ್ಲುತ್ತದೆ ಎಂಬ ನಿಯಮ ಫೆಡರಲ್ ಕಾನೂನಿನಲ್ಲೂ ಇಲ್ಲ, ಟೆಕ್ಸಾಸ್ ಕಾನೂನಿನಲ್ಲೂ ಇಲ್ಲ. ನಗರವೇ ಎಲ್ಲ ಅರ್ಜಿಗಳನ್ನೂ ತಾತ್ಕಾಲಿಕವಾಗಿ ತಡೆಹಿಡಿಯಲಿ ಎಂಬ ಬೇಡಿಕೆಗೂ ಜಾಗವಿಲ್ಲ. ಅಂಥ ತಡೆಗಳು ಕಾನೂನುಬಾಹಿರವೆಂದು ಎಫ್‌ಸಿಸಿ 2018ರ ಆಗಸ್ಟ್‌ನಲ್ಲಿ ಘೋಷಿಸಿತು. ಮರುತಿಂಗಳು ಹೊರಡಿಸಿದ ಇನ್ನೊಂದು ಆದೇಶದಲ್ಲಿ ಅದು ಗಡಿಯಾರವನ್ನೂ ಕಟ್ಟಿತು: ಈಗಾಗಲೇ ಇರುವ ಕಂಬಕ್ಕೆ ಸ್ಮಾಲ್ ಸೆಲ್ ಹಾಕುವ ಅರ್ಜಿಗೆ 60 ದಿನ, ಹೊಸ ಕಂಬಕ್ಕೆ 90 ದಿನ. ಅಷ್ಟರೊಳಗೆ ನಗರ ತೀರ್ಮಾನಿಸಬೇಕು. ಅರ್ಜಿಯಲ್ಲಿ ಕೊರತೆ ಇದ್ದರೆ ಮೊದಲ 10 ದಿನಗಳಲ್ಲೇ ಹೇಳಬೇಕು. ನಗರದ ಸಿಬ್ಬಂದಿ ನಿಮಗೆ ತಿಳಿಸದೆ ಮುಂದುವರಿದದ್ದರ ಹಿಂದೆ ಸಂಚಿಗಿಂತ ಈ ಗಡಿಯಾರದ ಒತ್ತಡವೇ ಹೆಚ್ಚಾಗಿರುತ್ತದೆ.

ಹಣಕ್ಕಾಗಿ ಮಾರಿಕೊಂಡಿದೆ ಎಂಬುದಂತೂ ಅಂಕಿಗಳ ಮುಂದೆ ನಿಲ್ಲುವುದಿಲ್ಲ. ಅದೇ ಆದೇಶ ನಗರಗಳು ಒಂದು ಸ್ಮಾಲ್ ಸೆಲ್‌ಗೆ ವರ್ಷಕ್ಕೆ ಒಟ್ಟು 270 ಡಾಲರ್ ಪಡೆದರೆ ಅದು ನ್ಯಾಯಯುತವೆಂದು ಪರಿಗಣಿಸುವುದಾಗಿ ಹೇಳಿತು. ಹೆಚ್ಚು ಬೇಕಾದರೆ ನಗರ ತನ್ನ ನಿಜವಾದ ಖರ್ಚನ್ನು ತೋರಿಸಬೇಕು. ನಿಮ್ಮ ಟೆಕ್ಸಾಸ್ 2017ರಲ್ಲೇ ತನ್ನದೊಂದು ಕಾನೂನು ಮಾಡಿ ಆ ದರವನ್ನು ಮೂಲತಃ 250 ಡಾಲರಿಗೆ ಕಟ್ಟಿತ್ತು. ಹಲವು ನಗರಗಳು ಎಫ್‌ಸಿಸಿಯ ಆ ಆದೇಶದ ವಿರುದ್ಧ ನ್ಯಾಯಾಲಯಕ್ಕೂ ಹೋದವು. ಒಂಬತ್ತನೇ ಸರ್ಕ್ಯೂಟ್ ಎಂಬ ಫೆಡರಲ್ ಮೇಲ್ಮನವಿ ನ್ಯಾಯಾಲಯ 2020ರ ಆಗಸ್ಟ್‌ನಲ್ಲಿ ಶುಲ್ಕ ಮತ್ತು ಗಡುವುಗಳನ್ನು ಎತ್ತಿಹಿಡಿದು, ನೋಟದ ನಿಯಮಗಳ ಮೇಲೆ ಎಫ್‌ಸಿಸಿ ಹೇರಿದ್ದ ಕೆಲವು ಕಟ್ಟುಗಳನ್ನು ಮಾತ್ರ ಬಿಚ್ಚಿತು. ಅಂದರೆ ನಗರಗಳಿಗೆ ಹಣದಲ್ಲೂ ಸಮಯದಲ್ಲೂ ಸಿಗದ ಸಡಿಲ, ಕಂಬ ಹೇಗೆ ಕಾಣಬೇಕು ಎಂಬುದರಲ್ಲಿ ಸ್ವಲ್ಪ ಸಿಕ್ಕಿದೆ.

ಸಿಗ್ನಲ್ ಪೂರ್ತಿ ಇರುವಾಗ ಇನ್ನೊಂದು ಕಂಬ ಏಕೆ ಎಂಬ ನಿಮ್ಮ ಸಂಶಯ ಸಹಜ. ಫೋನಿನ ಗೆರೆಗಳು ತೋರಿಸುವುದು ಸಿಗ್ನಲ್‌ನ ಬಲವನ್ನು, ಎಷ್ಟು ಜನರಿಗೆ ಒಟ್ಟಿಗೆ ಸೇವೆ ಕೊಡಬಲ್ಲದೆಂಬ ಸಾಮರ್ಥ್ಯವನ್ನಲ್ಲ. ಪಂಕ್ತಿಯಲ್ಲಿ ಎಲ್ಲರಿಗೂ ಎಲೆ ಹಾಕಿ, ಬಡಿಸುವವರು ಇಬ್ಬರೇ ಆದಂತೆ. ಸಂಜೆ ಎಲ್ಲ ಮನೆಗಳವರೂ ಒಟ್ಟಿಗೆ ವೀಡಿಯೊ ನೋಡುವಾಗ ಗೆರೆ ಪೂರ್ತಿ ಇದ್ದೂ ಚಿತ್ರ ನಿಂತು ನಿಂತು ಬರುತ್ತದೆ. ಈ ವಾದವನ್ನು ನಗರದ ಮುಂದೆ ಇಡುವುದರಿಂದ ಪ್ರಯೋಜನವೂ ಇಲ್ಲ, ಏಕೆಂದರೆ ಸಾಮರ್ಥ್ಯ ಹೆಚ್ಚಿಸುವ ಕೆಲಸಕ್ಕೂ ರಕ್ಷಣೆ ಇದೆ ಎಂದು 2018ರ ಆದೇಶ ಸ್ಪಷ್ಟವಾಗಿ ಹೇಳಿದೆ.

ಹಾಗಾದರೆ ನಿಮ್ಮ ಕೈಯಲ್ಲಿ ಏನಿದೆ? ನನ್ನ ದೃಷ್ಟಿಯಲ್ಲಿ ಅತಿ ಬಲವಾದದ್ದು ಟೆಕ್ಸಾಸ್‌ನ ಆ 2017ರ ಕಾನೂನಿನೊಳಗೇ ಇದೆ. ಅದು ಸ್ಥಳೀಯ ಸರ್ಕಾರ ಸಂಹಿತೆಯ 284ನೇ ಅಧ್ಯಾಯ. ಅದನ್ನು ಕಂಪನಿಗಳ ಪರವಾದ ಕಾನೂನು ಎಂದು ಎಲ್ಲರೂ ಬೈಯುತ್ತಾರೆ, ಬೈಯಲು ಕಾರಣವೂ ಇದೆ. ಆದರೆ ಏಕಕುಟುಂಬದ ಮನೆಗಳಿರುವ, 50 ಅಡಿಗಿಂತ ಹೆಚ್ಚು ಅಗಲವಿಲ್ಲದ ಬೀದಿಯ ಪಕ್ಕದಲ್ಲಿ ಹೊಸ ಕಂಬ ನೆಡಬೇಕಾದರೆ ನಗರದ ವಿವೇಚನಾತ್ಮಕ ಲಿಖಿತ ಒಪ್ಪಿಗೆ ಬೇಕು ಎಂದು ಅದರ 284.104ನೇ ಕಲಮು ಹೇಳುತ್ತದೆ. ಅಂಥ ಬೀದಿಗಳಲ್ಲಿ ಖಾಸಗಿ ಡೀಡ್ ನಿರ್ಬಂಧಗಳು (ಆಸ್ತಿಪತ್ರಗಳಲ್ಲಿ ಹಾಕಿದ ಷರತ್ತುಗಳು) ಆ ಉಪಕರಣಕ್ಕೆ ಅನ್ವಯಿಸುವಂತಿದ್ದರೆ ಕಂಪನಿ ಅವುಗಳನ್ನೂ ಪಾಲಿಸಬೇಕು. ನಿಮ್ಮ ಬೀದಿಯನ್ನು ಅಳೆಯಿರಿ. ಅಗಲ ಎಂದರೆ ವಾಹನ ಓಡಾಡುವ ಭಾಗವೋ ರೈಟ್ ಆಫ್ ವೇಯೋ ಎಂಬುದನ್ನು ನಿಮ್ಮ ನಗರದ ವಿನ್ಯಾಸ ಕೈಪಿಡಿ ಹೇಗೆ ಲೆಕ್ಕ ಹಾಕುತ್ತದೆ ಎಂದು ನೋಡಿ. ಆ ಒಪ್ಪಿಗೆಯನ್ನು ಯಾರು, ಯಾವ ದಿನ, ಯಾವ ಪತ್ರದಲ್ಲಿ ಕೊಟ್ಟರು ಎಂದು ಟೆಕ್ಸಾಸ್ ಸಾರ್ವಜನಿಕ ಮಾಹಿತಿ ಕಾಯ್ದೆಯಡಿ ಲಿಖಿತವಾಗಿ ಕೇಳಿ. ಉತ್ತರವಾಗಿ ಮೌನ ಬಂದರೆ ನಿಮ್ಮ ಹಿಡಿತ ಬಲವಾಯಿತು. ಹಾಗೆಯೇ ನಿಮ್ಮ ಎಚ್‌ಒಎಯ, ಅಂದರೆ ಬಡಾವಣೆಯ ಮನೆಮಾಲೀಕರ ಸಂಘದ, ನಿರ್ಬಂಧಪತ್ರವನ್ನು ತೆಗೆದು ಆಂಟೆನಾ, ಕಂಬ ಎಂಬ ಪದಗಳಿಗಾಗಿ ಹುಡುಕಿ.

ಇದರಲ್ಲೂ ಎರಡು ಅಪಾಯಗಳಿವೆ. ಮೊದಲನೆಯದಾಗಿ, ಹೊಸ ಕಂಬ ಬೇಡವೆಂದು ನಗರ ಹೇಳಿದರೆ ಕಂಪನಿ ನಿಮ್ಮ ಮನೆಯ ಮುಂದಿನ ಹಳೆಯ ಬೀದಿದೀಪದ ಕಂಬವನ್ನೇ ಕೇಳಬಹುದು, ಮತ್ತು ಆಗ ಈ ಕಲಮಿನ ಒಪ್ಪಿಗೆಯ ಷರತ್ತು ಅನ್ವಯಿಸುವುದಿಲ್ಲ. ಬೀದಿದೀಪ ಕಿಟಕಿಗೆ ಇನ್ನೂ ಹತ್ತಿರದಲ್ಲಿದ್ದರೆ ನೀವು ಗೆದ್ದು ಸೋತಂತೆ. ಎರಡನೆಯದಾಗಿ, ವಿವೇಚನೆ ಎಂದರೆ ಮನಸ್ಸಿಗೆ ಬಂದಂತೆ ಅಲ್ಲ. ಎಲ್ಲ ಕಂಪನಿಗಳಿಗೂ ಒಂದೇ ಅಳತೆ ಇರಬೇಕು ಮತ್ತು ಸೇವೆಯನ್ನೇ ತಡೆದಂತಾದರೆ ಫೆಡರಲ್ ಕಾನೂನು ಅಡ್ಡ ಬರುತ್ತದೆ.

ಅದಕ್ಕಾಗಿಯೇ ನಾನು ಹೆಚ್ಚು ನಂಬುವುದು ಕಂಬವನ್ನು ಸರಿಸುವ ಕೋರಿಕೆಯನ್ನು. ಕಂಪನಿಯ ಎಂಜಿನಿಯರ್ ನಕ್ಷೆಯಲ್ಲಿ ಚುಕ್ಕೆ ಇಡುವಾಗ ಅದರ ಸುತ್ತ ಕೆಲವು ಹತ್ತು ಅಡಿಗಳಷ್ಟು ಸಡಿಲ ಇಟ್ಟುಕೊಂಡಿರುತ್ತಾನೆ. ನಾನೂ ಇಟ್ಟುಕೊಳ್ಳುತ್ತಿದ್ದೆ, ಕೇಳದವರಿಗೆ ಹೇಳುತ್ತಿರಲಿಲ್ಲ. ಎರಡು ನಿವೇಶನಗಳ ನಡುವಿನ ಗಡಿಗೆರೆಯ ನೇರಕ್ಕೆ, ಯಾರ ಕಿಟಕಿಗೂ ಎದುರಾಗದಂತೆ ಸರಿಸಿ ಎಂದು ಕೇಳಿದರೆ, ಅಡಿಪಾಯ ಹಾಕುವ ಮೊದಲು ಅದು ಒಂದು ನಕ್ಷೆಯ ತಿದ್ದುಪಡಿ ಅಷ್ಟೆ. ಅಡಿಪಾಯ ಬಿದ್ದ ಮೇಲೆ ಅದೇ ಕೋರಿಕೆಗೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಪಕ್ಕದ ಮನೆಯವರ ಜೊತೆ ಮೊದಲೇ ಮಾತಾಡಿ. ಕಂಬವನ್ನು ಅವರ ಕಿಟಕಿಯ ಕಡೆಗೆ ತಳ್ಳಿದಿರಿ ಎಂಬ ಮನಸ್ತಾಪ ಇಂಥ ಬೀದಿಗಳಲ್ಲಿ ಕಂಬಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. ಜೊತೆಗೆ ಸೈಡ್‌ವಾಕ್‌ನಲ್ಲಿ ಗಾಲಿಕುರ್ಚಿಗೆ ಬೇಕಾದ 48 ಇಂಚು ಉಳಿಯುತ್ತದೆಯೇ, ನಿಮ್ಮ ಡ್ರೈವ್‌ವೇಯಿಂದ ಹಿಂದಕ್ಕೆ ಬರುವಾಗ ಕಂಬ ದೃಷ್ಟಿಗೆ ಅಡ್ಡವಾಗುತ್ತದೆಯೇ, ಮರದ ಬೇರು ಅಲ್ಲಿದೆಯೇ ಎಂದು ನೋಡಿ. ಇವು ನಗರ ಕಿವಿಗೊಡಬಹುದಾದ ಮಾತುಗಳು.

ರೂಪದ ಬಗ್ಗೆಯೂ ಕೇಳಿ. ಎಫ್‌ಸಿಸಿಯ ವ್ಯಾಖ್ಯೆಯ ಪ್ರಕಾರ ಸ್ಮಾಲ್ ಸೆಲ್‌ನ ಒಂದೊಂದು ಆಂಟೆನಾ 3 ಘನ ಅಡಿ ಮೀರಬಾರದು, ಉಳಿದ ಉಪಕರಣವೆಲ್ಲ ಸೇರಿ 28 ಘನ ಅಡಿ ಮೀರಬಾರದು. ಸಣ್ಣದು ಎಂಬ ಹೆಸರು ಕೇಳಿ ಮೋಸಹೋಗಬೇಡಿ. 28 ಘನ ಅಡಿ ಎಂದರೆ ದೊಡ್ಡ ಎರಡು ಬಾಗಿಲಿನ ಫ್ರಿಜ್ಜಿನಷ್ಟು ಜಾಗ. ಅಷ್ಟನ್ನೂ ನೆಲದ ಮೇಲೆ ಪೆಟ್ಟಿಗೆಯಾಗಿ ಇಡುತ್ತಾರೋ, ಕಂಬದ ದಪ್ಪ ಬುಡದೊಳಗೆ ಅಡಗಿಸುತ್ತಾರೋ ಎಂಬುದರಿಂದ ನಿಮ್ಮ ಅಂಗಳದ ನೋಟ ಪೂರ್ತಿ ಬದಲಾಗುತ್ತದೆ. ಫ್ಯಾನ್ ಇದೆಯೇ, ಇದ್ದರೆ ರಾತ್ರಿ ಎಷ್ಟು ಸದ್ದು ಮಾಡುತ್ತದೆ ಎಂದು ಕೇಳುವುದನ್ನು ಬಹಳ ಮಂದಿ ಮರೆಯುತ್ತಾರೆ; ಕಿಟಕಿ ತೆರೆದು ಮಲಗುವವರಿಗೆ ಅದು ದಿನನಿತ್ಯದ ಕಿರಿಕಿರಿ.

ಮುಂದೆ ದೊಡ್ಡದು ಮಾಡುತ್ತಾರೆಯೇ ಎಂಬ ನಿಮ್ಮ ಕೊನೆಯ ಭಯ ನಿರಾಧಾರವಲ್ಲ, ಮತ್ತು ಇದನ್ನು ಕೇಳುವವರು ಕಡಿಮೆ. 2012ರ ಒಂದು ಫೆಡರಲ್ ಕಾಯ್ದೆಯ 6409ನೇ ಕಲಮಿನ ಪ್ರಕಾರ, ಒಮ್ಮೆ ಒಪ್ಪಿಗೆ ಪಡೆದ ತಾಣದಲ್ಲಿ ಗಣನೀಯವಲ್ಲದ ಬದಲಾವಣೆಯನ್ನು ನಗರ ನಿರಾಕರಿಸುವಂತಿಲ್ಲ. ರಸ್ತೆಬದಿಯ ಕಂಬದ ಎತ್ತರವನ್ನು ಶೇಕಡಾ 10 ಅಥವಾ 10 ಅಡಿ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟರವರೆಗೆ ಏರಿಸುವುದು ಗಣನೀಯವಲ್ಲ ಎಂದೇ ನಿಯಮ ನೋಡುತ್ತದೆ. ಆದರೆ ಮರೆಮಾಡುವ ವಿನ್ಯಾಸವನ್ನು ಕೆಡಿಸುವ ಬದಲಾವಣೆ ಗಣನೀಯ. ಆದ್ದರಿಂದ ಕಂಬದ ಬಣ್ಣ, ಉಪಕರಣ ಒಳಗಡಗಿಸಿದ ವಿಧಾನ, ಬೀದಿದೀಪದಂತೆ ಕಾಣುವ ಆಕಾರ ಇವೆಲ್ಲ ಮರೆಮಾಡುವ ಅಂಶಗಳೆಂದು ಪರ್ಮಿಟ್‌ನ ಷರತ್ತಿನಲ್ಲಿ ಹೆಸರಿಸಿ ಬರೆಯಿಸಿ. ಬಾಯಿಮಾತಿನ ಭರವಸೆ ಐದು ವರ್ಷದ ನಂತರ ಕಂಪನಿ ಕೈಬದಲಾದಾಗ ಯಾರಿಗೂ ನೆನಪಿರುವುದಿಲ್ಲ.

ಮನೆಯ ಬೆಲೆಯ ಬಗ್ಗೆ ಇಷ್ಟು ಹೇಳಬಲ್ಲೆ: ಇಂಥ ಕಂಬದ ಪಕ್ಕದ ಮನೆ ಕೊಳ್ಳುವಿರಾ ಎಂದು ಕೇಳಿದಾಗ ಜನ ಕೊಡುವ ಉತ್ತರವೂ, ಕೊನೆಗೆ ಅವರು ಸಹಿ ಹಾಕುವ ಬೆಲೆಯೂ ಒಂದೇ ಅಲ್ಲ. ಶೇಕಡಾ ಇಪ್ಪತ್ತು ಬಿದ್ದೇಬಿಡುತ್ತದೆ ಎಂದು ಹೇಳುವವರನ್ನು ನಂಬಬೇಡಿ. ಬೆಲೆ ಕುಸಿತವನ್ನು ವಾದವಾಗಿ ಬಳಸುವುದಾದರೆ ನಿಮ್ಮದೇ ಪ್ರದೇಶ ಬಲ್ಲ ಮೌಲ್ಯಮಾಪಕರ ಲಿಖಿತ ಅಭಿಪ್ರಾಯ ಬೇಕು, ಮತ್ತು ವಿಕಿರಣದ ಭಯದಿಂದ ಬೆಲೆ ಬೀಳುತ್ತದೆ ಎಂಬ ರೂಪದಲ್ಲಿ ಅದು ಬಂದರೆ ಮತ್ತೆ ಅದೇ ಮುಚ್ಚಿದ ಬಾಗಿಲಿಗೆ ಬಡಿದಂತಾಗುತ್ತದೆ. ನೋಟ ಕೆಡುವುದರಿಂದ ಎಂದಿರಬೇಕು. ನ್ಯಾಯಾಲಯಕ್ಕೆ ಹೋಗುವ ಯೋಚನೆ ಇದ್ದರೆ ತಡಮಾಡದೆ ವಕೀಲರನ್ನು ಕಾಣಿ. 1996ರ ಕಾಯ್ದೆಯ ದಾರಿಯಲ್ಲಿ ಗಡುವು 30 ದಿನ ಮಾತ್ರ, ಮತ್ತು ಆ ದಾರಿ ಮುಖ್ಯವಾಗಿ ಅರ್ಜಿ ನಿರಾಕರಿಸಲ್ಪಟ್ಟ ಕಂಪನಿಗಳು ನಡೆದದ್ದು.

ಇವತ್ತು ಸಂಜೆ ಬೆಳಕಿರುವಾಗ ಒಂದು ಟೇಪು ಹಿಡಿದು ಹೊರಗೆ ಹೋಗಿ. ಬಿಳಿ ವೃತ್ತದ ನಡುವಿನಿಂದ ನಿಮ್ಮ ಪಕ್ಕದ ಗಡಿಗೆರೆಯವರೆಗೆ, ಕರ್ಬ್‌ವರೆಗೆ, ಹತ್ತಿರದ ಬೀದಿದೀಪದವರೆಗೆ, ಹಾಗೆಯೇ ಬೀದಿಯ ಈ ಅಂಚಿನಿಂದ ಆ ಅಂಚಿನವರೆಗೆ ಅಳೆದು, ಬಾವುಟಗಳು ಕಾಣುವಂತೆ ಫೋಟೋ ತೆಗೆದುಕೊಳ್ಳಿ. ಪರ್ಮಿಟ್ ಸಂಖ್ಯೆ, ವಿಕಿರಣ ವರದಿ ಮತ್ತು 284.104ರ ಲಿಖಿತ ಒಪ್ಪಿಗೆಯ ಪ್ರತಿ ಇವುಗಳನ್ನು ಕೇಳುವ ನಿಮ್ಮ ಪತ್ರದಲ್ಲಿ ಆ ಅಳತೆಗಳನ್ನೂ ಬರೆದು, ಕಂಬವನ್ನು ಎಷ್ಟು ಅಡಿ, ಯಾವ ಕಡೆಗೆ ಸರಿಸಬೇಕೆಂದು ನಿಖರವಾಗಿ ಹೇಳಿ. ಮಳೆ ಬಂದರೆ ಬಣ್ಣ ಅಳಿಸಿಹೋಗುತ್ತದೆ.